ಶಾಲೆಯ ತಂಟೆ ಸ್ಟೇಷನ್ ಮೆಟ್ಟಿಲು ಹತ್ತಿದಾಗ: ಅಪ್ಪ ಅಮ್ಮಂದಿರಿಗೂ ಮೇಷ್ಟ್ರುಗಳಿಗೂ ಒಂದು ಕೈಪಿಡಿ

ನಮ್ಮ ಶಾಲೆಯ ಯುಪಿಎಸ್ ಬ್ಯಾಟರಿ ಕಳುವಾದ ಆ ಸೋಮವಾರ ದೂರು ಬರೆದವನು ಅಲ್ಲಿನ ಮೇಷ್ಟ್ರಾದ ನಾನೇ. ಅಕ್ಷರ ದುಂಡಗಿದೆ ಅಂತ ಶಾಲೆಯ ಯಾವ ಅರ್ಜಿಯಿದ್ದರೂ ಹೆಡ್‌ಮಾಸ್ಟರು ನನ್ನ ಕೈಗೇ ಕೊಡುತ್ತಿದ್ದರು. ಕಂಪ್ಯೂಟರ್ ಕೋಣೆಯ ಬೀಗ ಮುರಿದು ಒಂಬತ್ತನೇ ಕ್ಲಾಸಿನ ಮೂವರು ಬ್ಯಾಟರಿ ಒಯ್ದು ಗುಜರಿಗೆ ಹಾಕಿದ್ದರು. ದುಡ್ಡಲ್ಲಿ ಬ್ಯಾಟು, ಎರಡು ಟೆನಿಸ್ ಬಾಲು ಕೊಂಡಿದ್ದರು. ಬಿಸಿಯೂಟದ ಹೊತ್ತಿಗೆ ಜೀಪು ಬಂತು. ಇಡೀ ಶಾಲೆ ತಟ್ಟೆ ಹಿಡಿದು ನಿಂತು ನೋಡುತ್ತಿರುವಾಗ ಮೂವರನ್ನೂ ಹತ್ತಿಸಿಕೊಂಡು ಹೋಯಿತು. ಸಂಜೆಗೆ ಬಿಟ್ಟರು. ಕೇಸಿಲ್ಲ, ಕಾಗದವಿಲ್ಲ, "ಬುದ್ಧಿ ಹೇಳಿ ಕಳಿಸಿದೀವಿ" ಅಂದರು. ಮಾರನೇ ದಿನ ಇಬ್ಬರು ಬಂದರು. ಮೂರನೆಯವನು ಬರಲೇ ಇಲ್ಲ.

ಅವನ ಮನೆಗೆ ಹೋದಾಗ ಅವರಪ್ಪ ಕೇಳಿದ್ದು ಒಂದೇ ಮಾತು. "ಬೈಬೋದಿತ್ತು, ದಂಡ ಹಾಕ್ಬೋದಿತ್ತು, ನಾನೇ ಬಂದು ಕಟ್ತಿದ್ದೆ. ಸ್ಟೇಷನ್ ಯಾಕೆ ಸಾರ್?"

ನಾನು ವಕೀಲನಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬಾಲನ್ಯಾಯ ಕಾನೂನು ಹಿಡಿದು ಕೂತೆ. ಓದಿದಷ್ಟೂ ನಾಚಿಕೆಯಾಯಿತು. ನಮ್ಮ ಕಾನೂನು ಮಕ್ಕಳ ವಿಷಯದಲ್ಲಿ ಬಹಳ ಮೆದು. ಪೆಟ್ಟು ಬೀಳುವುದು ಕಾನೂನಿನ ಹೊರಗೆ, "ಸುಮ್ಮನೆ ಹೆದರಿಸೋಣ" ಅಂತ ಮಾಡುವ ಬಾಯಿಮಾತಿನ ವ್ಯವಹಾರದಲ್ಲಿ. ಆದ್ದರಿಂದ ಈ ಕೈಪಿಡಿಯುದ್ದಕ್ಕೂ ನಾನು ಹೇಳುವುದು ಇಷ್ಟೇ: ಎಲ್ಲವನ್ನೂ ಕಾಗದದ ಮೇಲೆ, ಕಾನೂನಿನ ಪ್ರಕಾರ ಮಾಡಿಸಿ. ಮಗುವಿಗೆ ಅದೇ ರಕ್ಷಣೆ.

ಮೊದಲು ಫೋನ್ ಬಂದಾಗ

"ನಿಮ್ಮ ಹುಡುಗ ಹೀಗೆ ಮಾಡಿದಾನೆ, ಪೊಲೀಸರಿಗೆ ಹೇಳ್ತಿದೀವಿ, ತಕ್ಷಣ ಬನ್ನಿ." ಈ ಫೋನ್ ಬಂದಾಗ ತಂದೆತಾಯಿ ಎರಡರಲ್ಲೊಂದು ಮಾಡುತ್ತಾರೆ. ಮೇಷ್ಟ್ರ ಮೇಲೆ ರೇಗುತ್ತಾರೆ, ಇಲ್ಲವೇ "ಎರಡು ಬಿಡಿ ಸಾರ್, ನಾನೂ ಬಂದು ನಾಲ್ಕು ಬಿಡ್ತೀನಿ" ಅನ್ನುತ್ತಾರೆ. ಎರಡೂ ಬೇಡ. ಮೂರು ಮಾತು ಸಾಕು. ನಾನು ಬರುತ್ತಿದ್ದೇನೆ. ಬರುವ ತನಕ ಮಗುವನ್ನು ಯಾರ ಜೊತೆಗೂ ಶಾಲೆಯಿಂದ ಹೊರಗೆ ಕಳಿಸಬೇಡಿ. ಅವನಿಂದ ಏನನ್ನೂ ಬರೆಸಿಕೊಳ್ಳಬೇಡಿ.

ಅದೇ ಮೂರು ಮಾತನ್ನು ಹೆಡ್‌ಮಾಸ್ಟರರ ನಂಬರಿಗೆ ಮೆಸೇಜೂ ಮಾಡಿ. ಹೊತ್ತು ಸಮೇತ ದಾಖಲೆ ಉಳಿಯುತ್ತದೆ. ಮನೆ ಬಿಡುವ ಮುಂಚೆ ಮಗುವಿನ ಜನನ ಪ್ರಮಾಣಪತ್ರದ ನಕಲು ಜೇಬಿಗಿಟ್ಟುಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ಹೆಡ್‌ಮಾಸ್ಟರರ ಕೋಣೆಯಲ್ಲಿ

ಮುಕ್ಕಾಲು ಪಾಲು ಅನಾಹುತ ಆಗುವುದು ಈ ಕೋಣೆಯಲ್ಲೇ. ಮೇಜಿನ ಮೇಲೆ ಬಿಳಿ ಹಾಳೆ, ಪಕ್ಕದಲ್ಲಿ ಪೆನ್ನು. "ತಪ್ಪಾಯ್ತು ಅಂತ ಬರೆದುಕೊಡಪ್ಪ, ಇಲ್ಲಿಗೇ ಮುಗಿಸೋಣ." ಮಗು ಅಳುತ್ತಾ ಬರೆಯುತ್ತದೆ: ನಾನು ಕಳ್ಳತನ ಮಾಡಿದ್ದೇನೆ, ಇನ್ನೊಮ್ಮೆ ಮಾಡಿದರೆ ಶಾಲೆಯಿಂದ ತೆಗೆದುಹಾಕಿ. ಕೆಳಗೆ ಅಪ್ಪನ ಸಹಿ. ಇಲ್ಲಿಗೇ ಮುಗಿಯುತ್ತದೆ ಅಂತ ಬರೆಸಿಕೊಂಡ ಆ ಹಾಳೆಯೇ ನಾಳೆ ಸ್ಟೇಷನ್ನಿನ ಫೈಲಿನಲ್ಲಿ ಮೊದಲ ಪುಟವಾಗಿ ಕೂತಿರುತ್ತದೆ.

ಬರೆಯಲೇಬೇಕು ಅಂತ ಒತ್ತಾಯ ಬಂದರೆ ಮಗುವಿನಿಂದ ಬೇಡ, ನೀವು ಬರೆಯಿರಿ. ಅದರಲ್ಲಿ ಒಪ್ಪಿಗೆಯ ಮಾತು ಇರಬಾರದು, ನಡೆದದ್ದಿಷ್ಟೇ ಇರಬೇಕು: "ಇಂಥ ದಿನ, ಇಷ್ಟು ಗಂಟೆಗೆ ಶಾಲೆಯಿಂದ ನನಗೆ ಕರೆ ಬಂತು. ನನ್ನ ಮಗ ಇಂಥದ್ದನ್ನು ಮಾಡಿದ್ದಾನೆಂದು ಶಾಲೆಯವರು ತಿಳಿಸಿದ್ದಾರೆ. ವಿಚಾರಿಸಿ ಸಹಕರಿಸುತ್ತೇನೆ." ಕಳ್ಳತನ, ಹಲ್ಲೆ, ಬೆದರಿಕೆ ಇಂಥ ಪದಗಳು ಕಾನೂನಿನ ಪದಗಳು, ಅವನ್ನು ನಿಮ್ಮ ಕೈಯಿಂದ ಬರೆಯಬೇಡಿ. ಒಂದು ಪ್ರತಿ ನಿಮ್ಮ ಬಳಿ ಇರಲಿ.

2015ರ ಬಾಲನ್ಯಾಯ ಕಾಯ್ದೆಯ ಮೂಲತತ್ವಗಳಲ್ಲಿ ಒಂದು ಇಲ್ಲಿ ನೆನಪಿರಲಿ. ಮಗುವಿನ ಹಕ್ಕನ್ನು ಯಾರೂ ಬಿಟ್ಟುಕೊಡುವಂತಿಲ್ಲ, ಮಗುವೂ ಇಲ್ಲ, ಮಗುವಿನ ಪರವಾಗಿ ನೀವೂ ಇಲ್ಲ. "ಯಾವ ಕ್ರಮಕ್ಕೂ ನಮ್ಮ ತಕರಾರಿಲ್ಲ" ಎಂದು ನೀವು ಬರೆದುಕೊಟ್ಟರೂ ಮಗುವಿನ ಹಕ್ಕು ಹೋಗುವುದಿಲ್ಲ. ಹಾಗಂತ ಬರೆದುಕೊಡಲು ಹೋಗಬೇಡಿ.

ನಷ್ಟ ತುಂಬಿಕೊಡುವುದು ಬೇರೆ ಮಾತು. ಗಾಜು ಒಡೆದಿದ್ದರೆ ಗಾಜಿನ ದುಡ್ಡು ಕೊಡಿ, ರಶೀದಿ ಕೇಳಿ. ಅದರಲ್ಲಿ ಮರ್ಯಾದೆ ಹೋಗುವಂಥದ್ದೇನಿಲ್ಲ, ಮಗುವಿಗೂ ಅದು ಪಾಠ.

ಇದು ಯಾವ ಬುಟ್ಟಿಗೆ ಬೀಳುತ್ತದೆ?

ಸ್ಟೇಷನ್ ಮಾತು ನಿಲ್ಲದಿದ್ದರೆ ಮುಂದಿನ ಕೆಲಸ ಲೆಕ್ಕ ಹಾಕುವುದು. 18 ತುಂಬದವರ ಮೇಲಿನ ಆರೋಪಗಳನ್ನು ಕಾನೂನು ಮೂರು ಬುಟ್ಟಿಗೆ ಹಾಕುತ್ತದೆ. ಗರಿಷ್ಠ ಶಿಕ್ಷೆ 3 ವರ್ಷದೊಳಗಿದ್ದರೆ ಸಣ್ಣ ಅಪರಾಧ. 3ರಿಂದ 7 ವರ್ಷದ ನಡುವೆ ಇದ್ದರೆ ಗಂಭೀರ. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚಿದ್ದರೆ ಮಾತ್ರ ಘೋರ. "ಕನಿಷ್ಠ" ಅನ್ನುವ ಪದದ ಮೇಲೆ ಬೆರಳಿಡಿ. ಗರಿಷ್ಠ ಶಿಕ್ಷೆ 7 ವರ್ಷ ದಾಟಿದರೂ ಕನಿಷ್ಠ ಶಿಕ್ಷೆ ಹೇಳಿಲ್ಲವಾದರೆ ಅದು ಗಂಭೀರವೇ ಹೊರತು ಘೋರವಲ್ಲ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿತು, 2021ರ ತಿದ್ದುಪಡಿ ಅದನ್ನು ಕಾಯ್ದೆಯಲ್ಲೇ ಸೇರಿಸಿತು.

ಶಾಲೆಯ ಭಾಷೆಗೆ ತಂದರೆ ಹೀಗೆ. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಸಾಮಾನ್ಯ ಗಾಯಕ್ಕೆ ಹೆಚ್ಚೆಂದರೆ 1 ವರ್ಷ, ಸಾಮಾನ್ಯ ಕಳ್ಳತನಕ್ಕೆ 3 ವರ್ಷ. ಎರಡೂ ಸಣ್ಣ ಬುಟ್ಟಿ. ಮೂಳೆ ಮುರಿಯುವಂಥ ತೀವ್ರ ಗಾಯಕ್ಕೆ, ಸಾಮಾನು ಇಡುವ ಕಟ್ಟಡದೊಳಗಿನ ಕಳ್ಳತನಕ್ಕೆ 7 ವರ್ಷದವರೆಗೆ, ಅದು ಗಂಭೀರ. ನಮ್ಮ ಶಾಲೆಯ ಬ್ಯಾಟರಿ ಈ ಎರಡನೇ ಬುಟ್ಟಿಗೆ ಬೀಳಬಹುದಿತ್ತು. ಎರಡು ಟೆನಿಸ್ ಬಾಲಿಗೆ! ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅನ್ನುವುದು ಇದಕ್ಕೇ.

ಏಳು ವರ್ಷ ತುಂಬದ ಮಗು ಏನು ಮಾಡಿದರೂ ಅದು ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರವರೆಗೆ, ಮಾಡಿದ್ದರ ಸ್ವರೂಪ ಮತ್ತು ಪರಿಣಾಮ ತಿಳಿಯುವ ಪ್ರಬುದ್ಧತೆ ಆ ಮಗುವಿಗೆ ಇಲ್ಲದಿದ್ದರೆ ಆಗಲೂ ಅಪರಾಧವಲ್ಲ. ಮೂರನೇ ಕ್ಲಾಸಿನ ಕೂಸಿಗೆ "ಪೊಲೀಸ್ ಅಂಕಲ್ ಕರೀತೀನಿ" ಅನ್ನುವ ಟೀಚರಮ್ಮಂದಿರು ಇದನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಪೊಲೀಸರ ಎದುರು

ಮೊದಲ ಪ್ರಶ್ನೆ: "ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಸಾರ್?" ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಈ ಹೊಣೆ ಹೊತ್ತಿರಬೇಕು. ಜಿಲ್ಲೆಗೊಂದು ವಿಶೇಷ ಮಕ್ಕಳ ಪೊಲೀಸ್ ಘಟಕ ಇರಬೇಕು. ಮಗುವಿನ ವಿಷಯ ನೋಡಬೇಕಾದವರು ಇವರು. ಈ ಪ್ರಶ್ನೆ ಕೇಳಿದ ಕೂಡಲೇ ಠಾಣೆಯ ದನಿ ಬದಲಾಗುವುದನ್ನು ಕಣ್ಣಾರೆ ನೋಡಿದ್ದೇನೆ. ಗೊತ್ತಿರುವವರು ಬಂದಿದ್ದಾರೆ ಅನ್ನುವ ಎಚ್ಚರ ಬರುತ್ತದೆ.

ಎರಡನೆಯದು ಎಫ್‌ಐಆರ್. 2016ರ ಕೇಂದ್ರ ಮಾದರಿ ನಿಯಮಗಳ 8ನೇ ನಿಯಮ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಆರೋಪ ಘೋರ ಬುಟ್ಟಿಯದಾಗಿರಬೇಕು, ಇಲ್ಲವೇ ದೊಡ್ಡವರ ಜೊತೆ ಸೇರಿ ಮಾಡಿದ್ದಾಗಿರಬೇಕು. ಇವೆರಡು ಬಿಟ್ಟು ಮಗುವಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಮಾಹಿತಿಯನ್ನು ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಮನೆ, ಓದು, ಪರಿಸರದ ಬಗ್ಗೆ ಒಂದು ಸಾಮಾಜಿಕ ಹಿನ್ನೆಲೆ ವರದಿ ಸೇರಿಸಿ, ಮಕ್ಕಳ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಮಗುವನ್ನು ವಶಕ್ಕೆ ಪಡೆಯುವ ಅಧಿಕಾರವೂ ಘೋರ ಆರೋಪಕ್ಕೆ ಮಾತ್ರ. ಉಳಿದದ್ದರಲ್ಲಿ ಮಗುವಿನ ಹಿತಕ್ಕೆ ಅಗತ್ಯವಿದ್ದರೆ ಮಾತ್ರ ವಶ, ಇಲ್ಲದಿದ್ದರೆ ಮಂಡಳಿಯ ಮುಂದೆ ಯಾವ ದಿನ ಬರಬೇಕು ಅಂತ ನಿಮಗೆ ತಿಳಿಸಿ ಕಳಿಸಬೇಕು.

ಅದೇ ನಿಯಮದಲ್ಲಿ ಇನ್ನೂ ಇದೆ. ಲಾಕಪ್ ಇಲ್ಲ. ಕೈಕೋಳ ಇಲ್ಲ. ತಪ್ಪೊಪ್ಪಿಕೊಳ್ಳಲು ಒತ್ತಾಯ ಇಲ್ಲ. ಯಾವ ಹೇಳಿಕೆಗೂ ಮಗುವಿನ ಸಹಿ ಕೇಳುವಂತಿಲ್ಲ. ಮಾತಾಡಿಸುವಾಗ ಅಪ್ಪ ಅಮ್ಮ ಜೊತೆಗಿರಬಹುದು, ಜಾಗ ಠಾಣೆಯಂತೆ ಕಾಣಬಾರದು, ಅಧಿಕಾರಿ ಖಾಕಿ ಹಾಕಿರಬಾರದು.

ಖಾಕಿಯದು ಸಣ್ಣ ಮಾತಲ್ಲ. 2020ರ ಜನವರಿಯಲ್ಲಿ ಬೀದರ್‌ನ ಶಾಹೀನ್ ಶಾಲೆಯಲ್ಲಿ ಮಕ್ಕಳು ಆಡಿದ ನಾಟಕದ ಮೇಲೆ ದೇಶದ್ರೋಹದ ಪ್ರಕರಣ ದಾಖಲಾಯಿತು. ಮಕ್ಕಳು ಆರೋಪಿಗಳಲ್ಲ, ಆದರೂ ಪೊಲೀಸರು ಶಾಲೆಗೆ ಮತ್ತೆ ಮತ್ತೆ ಬಂದು ಅವರನ್ನು ಪ್ರಶ್ನಿಸಿದರು. ಸಮವಸ್ತ್ರದಲ್ಲಿ, ಆಯುಧ ಇಟ್ಟುಕೊಂಡು ಮಕ್ಕಳನ್ನು ಮಾತಾಡಿಸುತ್ತಿರುವ ಫೋಟೊಗಳು ಹೈಕೋರ್ಟಿನ ಮುಂದೆ ಬಂದವು. ಇದು ಮೇಲ್ನೋಟಕ್ಕೇ ಮಕ್ಕಳ ಹಕ್ಕಿನ ಉಲ್ಲಂಘನೆ ಎಂದು 2021ರಲ್ಲಿ ನ್ಯಾಯಾಲಯ ಹೇಳಿತು. 2023ರ ಜೂನ್‌ನಲ್ಲಿ ಆ ದೇಶದ್ರೋಹದ ಪ್ರಕರಣವೇ ರದ್ದಾಯಿತು. ಸಮವಸ್ತ್ರದ ಬಗ್ಗೆ ನೀವು ಠಾಣೆಯಲ್ಲಿ ಕೇಳಿದಾಗ "ಅದೆಲ್ಲ ಪುಸ್ತಕದಲ್ಲಿ" ಅಂದರೆ, ನಮ್ಮದೇ ಹೈಕೋರ್ಟ್ ಇದನ್ನು ಪುಸ್ತಕದ ಆಚೆಗೂ ತಂದಿದೆ ಅಂತ ಮೆಲ್ಲಗೆ ನೆನಪಿಸಿ.

ದನಿ ಏರಿಸಬೇಡಿ. ನನ್ನ ಅನುಭವದಲ್ಲಿ ಬಹಳ ಪಿಎಸ್‌ಐಗಳಿಗೆ ಶಾಲೆಯ ಕೇಸು ಬೇಡವೇ ಬೇಡ. ಯಾರೋ ಪುಢಾರಿಯ ಫೋನು, ಇಲ್ಲವೇ ಮ್ಯಾನೇಜ್‌ಮೆಂಟಿನ ಒತ್ತಡಕ್ಕೆ ಬಂದಿರುತ್ತಾರೆ. ನಿಯಮದ ನಂಬರು ಹೇಳಿದರೆ ಅವರಿಗೂ ನುಣುಚಿಕೊಳ್ಳಲು ಒಂದು ದಾರಿ ಸಿಗುತ್ತದೆ.

ವಯಸ್ಸಿನ ಕಾಗದ

ಜೇಬಿನಲ್ಲಿಟ್ಟ ಕಾಗದ ಈಗ ತೆಗೆಯಿರಿ. ಪಿಯು ಹುಡುಗರು, ಅದರಲ್ಲೂ ಮೀಸೆ ಬಂದವರು, ನೋಡುವವರ ಕಣ್ಣಿಗೆ ದೊಡ್ಡವರು. 18 ದಾಟಿದೆ ಅಂತ ಬರೆದುಬಿಟ್ಟರೆ ಇಡೀ ದಾರಿಯೇ ಬೇರೆಯಾಗುತ್ತದೆ. ಅನುಮಾನ ಬಂದರೆ ಕಾನೂನು ನೋಡುವ ಕ್ರಮ ಹೀಗೆ: ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆ, ಪಾಲಿಕೆ ಕೊಟ್ಟ ಜನನ ಪತ್ರ, ಯಾವುದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಶಾಲೆಗೆ ಸೇರಿಸುವಾಗ "ಜೂನ್ 1" ಅಂತ ಅಂದಾಜಿಗೆ ಬರೆಸಿದ ಹಳ್ಳಿಯ ಮನೆಗಳು ಎಷ್ಟಿಲ್ಲ! ಅಂಥವರು ಎರಡೂ ಕಾಗದ ತರಲಿ.

24 ಗಂಟೆ, ಮಂಡಳಿ, ಜಾಮೀನು

ವಶಕ್ಕೆ ತೆಗೆದುಕೊಂಡೇ ಬಿಟ್ಟರೆ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಜನ ಇದನ್ನು ಈಗಲೂ ರಿಮ್ಯಾಂಡ್ ಹೋಮ್ ಕೋರ್ಟು ಅನ್ನುತ್ತಾರೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಎತ್ತರದ ಪೀಠ, ಕಟಕಟೆ ಇರಬಾರದು. ಮಗುವಿಗೆ ಇದನ್ನು ಮುಂಚೆಯೇ ಹೇಳಿಡಿ. ಸಿನಿಮಾದ ಕೋರ್ಟು ನೆನೆಸಿಕೊಂಡು ರಾತ್ರಿಯೆಲ್ಲ ನಡುಗಿದ ಹುಡುಗಿಯೊಬ್ಬಳನ್ನು ಬಲ್ಲೆ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಮಕ್ಕಳಿಗೆ ಉಚಿತ ಕಾನೂನು ನೆರವು ಹಕ್ಕು, ಮನೆಯ ಆದಾಯ ನೋಡುವುದಿಲ್ಲ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ.

ಜಾಮೀನಿನ ವಿಷಯಕ್ಕೆ ಬಂದರೆ, ದೊಡ್ಡವರಿಗೆ ಜಾಮೀನು ಸಿಗದ ಕಲಮಿನಲ್ಲೂ ಮಗುವನ್ನು ಬಿಡಬೇಕು ಅನ್ನುವುದೇ ನಿಯಮ. ತಡೆಯಲು ಮೂರೇ ಕಾರಣ: ಬಿಟ್ಟರೆ ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುತ್ತದೆ, ಮಗುವಿಗೇ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ. ಯಾವ ಕಾರಣ ಅಂತ ಬರವಣಿಗೆಯಲ್ಲಿ ಬರಬೇಕು. ಷರತ್ತು ಪೂರೈಸಲಾಗದೆ 7 ದಿನ ವೀಕ್ಷಣಾಲಯದಲ್ಲೇ (ವಿಚಾರಣೆಯ ಹೊತ್ತಿನಲ್ಲಿ ಮಕ್ಕಳನ್ನು ಇಡುವ ಜಾಗ) ಉಳಿದರೆ ಷರತ್ತು ಬದಲಿಸಲು ಮತ್ತೆ ಮಂಡಳಿಯ ಮುಂದೆ ತರಬೇಕು.

ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು. ಸಣ್ಣ ಬುಟ್ಟಿಯ ಆರೋಪವಾದರೆ ಅಷ್ಟರಲ್ಲಿ ಮುಗಿಯದಿದ್ದರೆ ಪ್ರಕರಣ ತಾನಾಗಿ ಕೊನೆಗೊಳ್ಳುತ್ತದೆ. ದಿನಾಂಕಗಳನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಡಿ. ತಪ್ಪು ಸಾಬೀತಾದರೂ ಮಂಡಳಿ ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಆಪ್ತಸಮಾಲೋಚನೆಗೆ ಕಳಿಸಬಹುದು, ಸಮುದಾಯ ಸೇವೆ ಹೇಳಬಹುದು, ಅಪ್ಪ ಅಮ್ಮನಿಗೆ ದಂಡ ಹಾಕಬಹುದು. ತಪ್ಪು ಮಾಡಿದ ಮಕ್ಕಳನ್ನು ಇಟ್ಟು ತಿದ್ದುವ ವಿಶೇಷ ಗೃಹಕ್ಕೆ ಕಳಿಸುವುದು ಕೊನೆಯ ದಾರಿ, ಅದೂ 3 ವರ್ಷ ಮೀರುವಂತಿಲ್ಲ.

ಒಬ್ಬ ಪರಿವೀಕ್ಷಣಾಧಿಕಾರಿ ನಿಮ್ಮ ಮನೆಗೆ ಬರುತ್ತಾರೆ, ಮಗುವಿನ ಬಗ್ಗೆ ವರದಿ ಬರೆಯಲು. ಇವರನ್ನು ಪೊಲೀಸ್ ಅಂತ ತಿಳಿದು ಹೆದರಿ ಬಾಗಿಲು ಹಾಕಿಕೊಂಡವರಿದ್ದಾರೆ. ಕೂರಿಸಿ, ಕಾಫಿ ಕೊಡಿ, ಮಗುವಿನ ಅಂಕಪಟ್ಟಿ, ಆಟದ ಸರ್ಟಿಫಿಕೇಟು ತೋರಿಸಿ. ಮನೆಯ ಕಷ್ಟವಿದ್ದರೆ ಮುಚ್ಚಿಡಬೇಡಿ. ಮಂಡಳಿ ಮಗುವನ್ನು ನೋಡುವುದು ಈ ವರದಿಯ ಕಣ್ಣಿಂದಲೇ.

ಪೋಕ್ಸೊ: ಇಲ್ಲಿ ಮಾತ್ರ ಎರಡು ಪಟ್ಟು ಎಚ್ಚರ

ಮೇಲೆ ಹೇಳಿದ ಮೆದುತನ ಕಾಣದ ಜಾಗ ಒಂದಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಲ್ಲಿ 18ರ ಕೆಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ಹದಿನೇಳರ ಹುಡುಗ, ಹದಿನಾರರ ಹುಡುಗಿ ಪ್ರೀತಿಸಿ ಮೈಮುಟ್ಟಿದರೆ ಆರೋಪ ಹುಡುಗನ ಮೇಲೆ. ಲೈಂಗಿಕ ಸಂಪರ್ಕವಾಗಿದ್ದರೆ ಕನಿಷ್ಠ ಶಿಕ್ಷೆ 10 ವರ್ಷ, ಹುಡುಗಿ 16ರ ಕೆಳಗಿದ್ದರೆ 20. ಅಂದರೆ ನೇರ ಘೋರ ಬುಟ್ಟಿ, ಎಫ್‌ಐಆರ್ ಖಂಡಿತ. ಹುಡುಗನಿಗೆ 16 ತುಂಬಿದ್ದರೆ ದೊಡ್ಡವರಂತೆ ವಿಚಾರಣೆ ನಡೆಸಬೇಕೇ ಅನ್ನುವ ಪ್ರಾಥಮಿಕ ಮೌಲ್ಯಮಾಪನವೂ ನಡೆಯುತ್ತದೆ. ಇಂಥ ಹದಿಹರೆಯದ ಪ್ರಕರಣಗಳನ್ನು ನೋಡಿ ನೋಡಿಯೇ ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಒಪ್ಪಿಗೆಯ ವಯಸ್ಸನ್ನು ಮತ್ತೆ ಯೋಚಿಸಬೇಕೆಂದು ಹೇಳಿತ್ತು. ಕಾನೂನು ಮಾತ್ರ ಇನ್ನೂ ಹಾಗೇ ಇದೆ.

ಈ ಹಂತದಲ್ಲಿ ವಕೀಲರಿಲ್ಲದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಮೌಲ್ಯಮಾಪನಕ್ಕೆ ಮನಶ್ಶಾಸ್ತ್ರಜ್ಞರ ನೆರವು ಕೇಳಿ. ಗುರುಗ್ರಾಮದ ಶಾಲೆಯೊಂದರಲ್ಲಿ ನಡೆದ ಕೊಲೆಯ ಪ್ರಕರಣದಲ್ಲಿ 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ: ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು.

ಫೋಟೊ ಹಂಚಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಹಪಾಠಿಯ ಖಾಸಗಿ ಚಿತ್ರ ಬಂದರೆ ನಗುತ್ತಾ ಮುಂದೆ ತಳ್ಳುವ ಹುಡುಗರಿಗೆ ಅದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 5 ವರ್ಷದವರೆಗಿನ ಅಪರಾಧ ಅನ್ನುವುದೇ ಗೊತ್ತಿರುವುದಿಲ್ಲ. ಶಾಲೆ ಶುರುವಾಗುವ ಮೊದಲ ವಾರವೇ ಇದನ್ನು ಹೇಳಬೇಕು, ಕೇಸಾದ ಮೇಲಲ್ಲ.

ಇನ್ನೊಂದು ಮುಖವೂ ಇದೆ. ನೋವುಂಡ ಮಗು ನಿಮ್ಮದಾಗಿದ್ದರೆ "ಶಾಲೆಯಲ್ಲೇ ಮುಗಿಸೋಣ, ಹೆಣ್ಣುಮಗು, ಹೆಸರು ಕೆಡುತ್ತೆ" ಅನ್ನುವವರನ್ನು ನಂಬಬೇಡಿ. ಲೈಂಗಿಕ ದೌರ್ಜನ್ಯ ಗೊತ್ತಾದವರು ಯಾರೇ ಇರಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟ ಮುಖ್ಯಸ್ಥರ ಮೇಲೇ ಕೇಸಾಗುತ್ತದೆ. ಹುಡುಗಾಟಿಕೆ ಅನ್ನುವ ಪದದ ಕೆಳಗೆ ಎಲ್ಲವನ್ನೂ ಬಚ್ಚಿಡಲು ನಾನು ಈ ಲೇಖನ ಬರೆಯುತ್ತಿಲ್ಲ.

ವಾಟ್ಸ್ಯಾಪ್ ಗುಂಪು

ಜೀಪು ಗೇಟು ದಾಟುವ ಮುಂಚೆ ಸುದ್ದಿ "8ನೇ ಬಿ ಪೇರೆಂಟ್ಸ್" ಗುಂಪಿನಲ್ಲಿರುತ್ತದೆ, ಕೆಲವೊಮ್ಮೆ ಸಿಸಿಟಿವಿ ತುಣುಕಿನ ಸಮೇತ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವಂಥ ಯಾವುದನ್ನೂ ಯಾವ ಮಾಧ್ಯಮದಲ್ಲೂ ಹಾಕುವಂತಿಲ್ಲ. 6 ತಿಂಗಳವರೆಗೆ ಸಜೆ, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗುಂಪಿನ ಅಡ್ಮಿನ್‌ಗೆ ಈ ಸೆಕ್ಷನ್ ನಂಬರು ಕಳಿಸಿ ಅಳಿಸಲು ಹೇಳಿ. ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಜಗಳಕ್ಕಿಳಿದು ಇಡೀ ಕಥೆಯನ್ನು ನೀವೇ ಅಲ್ಲಿ ಹೇಳಬೇಡಿ. ನಿಮ್ಮ ಮಗನ ಪರ ವಾದಿಸುತ್ತಾ ಇನ್ನೊಂದು ಮಗುವಿನ ಹೆಸರು ಬಿಟ್ಟುಕೊಡುತ್ತೀರಿ.

ಅದೇ ಸೆಕ್ಷನ್ ಇನ್ನೊಂದು ಭರವಸೆ ಕೊಡುತ್ತದೆ. ಮುಗಿದುಹೋದ ಪ್ರಕರಣದ ದಾಖಲೆಯನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿ ಹೊರಗೆಡಹುವಂತಿಲ್ಲ. ಮುಂದೆ ಕೆಲಸ, ಪಾಸ್‌ಪೋರ್ಟ್ ಏನಾಗುತ್ತೋ ಅಂತ ನಿದ್ದೆಗೆಡುವ ಅಮ್ಮಂದಿರು ಇದನ್ನು ಓದಿಕೊಳ್ಳಿ. 16 ದಾಟಿದವರ ಘೋರ ಪ್ರಕರಣಗಳನ್ನು ಬಿಟ್ಟರೆ, ಶಿಕ್ಷೆಯಾದವರಿಗೆ ಅಂಟುವ ಅನರ್ಹತೆ ಯಾವುದೂ ಈ ಮಕ್ಕಳಿಗೆ ಅಂಟುವುದಿಲ್ಲ.

ಟಿ.ಸಿ. ಒಯ್ಯಿರಿ ಅಂದರೆ

"ಕೇಸು ಬೇಡ ಅಂದ್ರೆ ಟಿ.ಸಿ. ತಗೊಂಡು ಹೋಗಿ." ಈ ಚೌಕಾಸಿ ಬಹಳ ಕಡೆ ನಡೆಯುತ್ತದೆ, ಎಷ್ಟೋ ಜನ ಒಪ್ಪಿಕೊಳ್ಳುತ್ತಾರೆ. ಎಂಟನೇ ಕ್ಲಾಸಿನವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಹಾಗೆ ಹೇಳುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲವೆಂದು 2014ರಲ್ಲಿ ತೀರ್ಪಾಗಿದೆ, ಅದು ಗಮನದಲ್ಲಿರಲಿ. ನೀವಾಗಿ ಟಿ.ಸಿ. ಕೇಳಿ ಅರ್ಜಿ ಬರೆದರೆ ಈ ರಕ್ಷಣೆ ತಾನಾಗೇ ಕೈಬಿಡುತ್ತದೆ, ಅವರಿಗೆ ಬೇಕಾದದ್ದೂ ಅದೇ. "ಹೊರಹಾಕುವುದಾದರೆ ಕಾರಣ ಬರೆದು ಆದೇಶ ಕೊಡಿ" ಅನ್ನಿ. ಕೊಟ್ಟರೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ, ಅಲ್ಲಿಂದ ಜಿಲ್ಲೆಯ ಡಿಡಿಪಿಐ, ಆಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು.

ಶಾಲೆ ಬದಲಿಸುವುದೇ ಮಗುವಿಗೆ ನೆಮ್ಮದಿ ಅಂತ ನಿಮಗೇ ಅನ್ನಿಸಿದರೆ ಬದಲಿಸಿ. ಆಗ ಟಿ.ಸಿ.ಯಲ್ಲಿ ನಡತೆಯ ಸಾಲು ಓದಿ, ಓದಿದ ಮೇಲೆ ಸಹಿ.

ಮೇಷ್ಟ್ರುಗಳೇ, 112 ಒತ್ತುವ ಮುಂಚೆ

ಇದು ನನ್ನ ಮೇಷ್ಟ್ರು ಜಾತಿಯವರಿಗೆ. ನಮ್ಮ ಸಿಟ್ಟಿಗೆ ಕಾರಣಗಳಿವೆ. ಬೆತ್ತ ಹೋಯಿತು, ಅದು ಹೋಗಲೇಬೇಕಿತ್ತು. ಅದರ ಜಾಗಕ್ಕೆ ಏನನ್ನೂ ಕೊಡಲಿಲ್ಲ. ನೂರಾರು ಮಕ್ಕಳಿಗೆ ಒಬ್ಬ ಆಪ್ತಸಮಾಲೋಚಕರೂ ಇಲ್ಲದ ಶಾಲೆಯಲ್ಲಿ ಪೊಲೀಸ್ ಪೇದೆಯೇ ಸಮಾಲೋಚಕನಾಗಿಬಿಡುತ್ತಾನೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಲವು ಶಾಲೆಗಳು ಮೊಬೈಲ್ ಹುಡುಕಲು ಚೀಲ ತಪಾಸಿಸಿದಾಗ ಸಿಗರೇಟು, ಲೈಟರು, ಕಾಂಡೋಮು ಸಿಕ್ಕಿದ್ದು ದೊಡ್ಡ ಸುದ್ದಿಯಾಯಿತು. ಆಗ ಕೆಲವು ಶಾಲೆಗಳು ಮನೆಯವರನ್ನು ಕರೆಸಿ ಮಾತಾಡಿದವು, ಕೆಲ ದಿನ ರಜೆ ಕೊಟ್ಟು ಸಮಾಲೋಚನೆಗೆ ಕಳಿಸಿದವು. ನನಗೆ ಅದು ಸರಿ ಅನ್ನಿಸಿತು. ಚೀಲದಲ್ಲಿ ಸಿಕ್ಕ ಎಲ್ಲವೂ ಸಾಕ್ಷ್ಯವಲ್ಲ.

ನಾನು ಈಗ ನನ್ನನ್ನೇ ಕೇಳಿಕೊಳ್ಳುವ ಕ್ರಮ ಇದು. ಯಾರ ಪ್ರಾಣಕ್ಕಾದರೂ ಈ ಕ್ಷಣ ಅಪಾಯವಿದೆಯೇ? ಇದ್ದರೆ 112, ಎರಡು ಮಾತಿಲ್ಲ. ಕಾನೂನು ತಿಳಿಸಲೇಬೇಕು ಅನ್ನುವ ಸಂಗತಿಯೇ, ಅಂದರೆ ಪೋಕ್ಸೊ? ಹೌದಾದರೆ ತಿಳಿಸಬೇಕು. ಎರಡೂ ಅಲ್ಲವಾದರೆ ಒಂದು ರಾತ್ರಿ ಕಳೆಯಲಿ. ಮನೆಯವರು, ತರಗತಿ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಬ್ಬಿಬ್ಬರು ಕೂತು ಮಾತಾಡಲಿ. ಒಡೆದದ್ದನ್ನು ಮಗು ಹೇಗೆ ಸರಿಮಾಡಬೇಕು ಅಂತ ತೀರ್ಮಾನಿಸಿ ಬರೆದಿಡಲಿ. ಮಗುವಿನ ಮನಸ್ಸು ಕೆಟ್ಟಿದೆ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪರಿಚಯದ ಪೊಲೀಸರನ್ನು ಕರೆಸಿ "ಸುಮ್ನೆ ಒಂದ್ಸಲ ಹೆದ್ರಿಸಿ" ಅನ್ನುವುದನ್ನು ನಿಲ್ಲಿಸಿ. ಅಪ್ಪಂದಿರೂ ಇದನ್ನು ಮಾಡಿಸುತ್ತಾರೆ. ಇದರಲ್ಲಿ ಮಗುವಿಗೆ ಕಾನೂನಿನ ಹೆದರಿಕೆ ಮಾತ್ರ ಸಿಗುತ್ತದೆ, ಕಾನೂನಿನ ಒಂದು ರಕ್ಷಣೆಯೂ ಸಿಗುವುದಿಲ್ಲ.

(ಸ್ಕೂಟರಿನ ಮಾತು ನಡುವೆ ಹೇಳಿಬಿಡುತ್ತೇನೆ. ಲೈಸೆನ್ಸಿಲ್ಲದ ಮಗ ಸ್ಕೂಟರ್ ಓಡಿಸಿಕೊಂಡು ಶಾಲೆಗೆ ಬಂದರೆ ಮೋಟಾರು ವಾಹನ ಕಾಯ್ದೆಯಡಿ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಬೀಳುವುದು ಅಪ್ಪನಿಗೆ, ಇಲ್ಲವೇ ಗಾಡಿಯ ಒಡೆಯನಿಗೆ. ಹೆದರಿಸಬೇಕಾದವರು ಯಾರು ಅಂತ ನೀವೇ ನೋಡಿ.)

ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವವರಿಗೆ

ಅಲ್ಲಿ ಪೊಲೀಸರನ್ನು ಕರೆಸಬೇಕಾಗಿಲ್ಲ, ಬಹಳ ಶಾಲೆಗಳಲ್ಲಿ ಅವರು ಒಳಗೇ ಇರುತ್ತಾರೆ. 2015ರ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್‌ನ ಅರ್ವಿಂಗ್‌ನಲ್ಲಿ 14 ವರ್ಷದ ಹುಡುಗನೊಬ್ಬ ತಾನೇ ಜೋಡಿಸಿದ ಗಡಿಯಾರವನ್ನು ಟೀಚರಿಗೆ ತೋರಿಸಲು ತಂದು ಕೈಕೋಳ ಹಾಕಿಸಿಕೊಂಡ. ಡಲ್ಲಾಸ್ ಸುತ್ತ ಇರುವ ನಮ್ಮವರಿಗೆ ಅದು ಪಕ್ಕದ ಬೀದಿ. ಮಗುವಿಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿ: "ಅಪ್ಪ ಅಮ್ಮ, ವಕೀಲರು ಬರುವ ತನಕ ನಾನು ಮಾತಾಡುವುದಿಲ್ಲ." ಅದನ್ನು ವಿನಯದಿಂದ ಹೇಳಬೇಕು. ಶಾಲೆಯವರು ಚೀಲ ತಪಾಸಿಸಲು ಸಮಂಜಸವಾದ ಅನುಮಾನವಿದ್ದರೆ ಸಾಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ, ಆದ್ದರಿಂದ ಚೀಲ ಎಳೆದಾಡಬಾರದು. ಪ್ರಶ್ನಿಸುವಾಗ ಮಗು ಪೊಲೀಸರ ವಶದಲ್ಲಿತ್ತೇ ಅಂತ ತೂಗುವಾಗ ಮಗುವಿನ ವಯಸ್ಸನ್ನೂ ನೋಡಬೇಕು ಅಂತ 2011ರಲ್ಲಿ ಹೇಳಿದೆ. "ಮೇಷ್ಟ್ರ ಮುಂದೆ ನಿಜ ಹೇಳಿಬಿಡು" ಅಂತ ಊರಲ್ಲಿ ಕಲಿಸಿದ ಪಾಠ ಅಲ್ಲಿ ಮಗುವನ್ನೇ ಸಿಕ್ಕಿಸಬಹುದು.

ಮತ್ತೆ ತರಗತಿಗೆ

ಇದನ್ನು ಯಾವ ಕಾಯ್ದೆಯೂ ಹೇಳಿಕೊಡುವುದಿಲ್ಲ. ಮಗು ಬೇಗ ಶಾಲೆಗೆ ಮರಳಬೇಕು, ಸಾಧ್ಯವಾದರೆ ಮಾರನೇ ದಿನವೇ. ಒಂದು ವಾರ ಮನೆಯಲ್ಲಿ ಕೂತರೆ ಹೋಗುವುದು ಹತ್ತುಪಟ್ಟು ಕಷ್ಟ. ಎಸ್ಸೆಸ್ಸೆಲ್ಸಿಯವರಾದರೆ 75 ಶೇಕಡಾ ಹಾಜರಿಯ ಲೆಕ್ಕವೂ ತಲೆಯ ಮೇಲಿದೆ. ವಿಚಾರಣೆ ಪರೀಕ್ಷೆಯ ದಿನ ಬಿದ್ದರೆ ದಿನಾಂಕ ಬದಲಿಸಲು ಮಂಡಳಿಯನ್ನು ಕೇಳಿ.

ಮೊದಲ ದಿನ ಅಪ್ಪನೋ ಅಮ್ಮನೋ ಗೇಟಿನ ತನಕ ಬರಲಿ, ತರಗತಿಯ ಬಾಗಿಲ ತನಕ ಬೇಡ. ಕೂರುವ ಜಾಗ ಬದಲಿಸಬೇಡಿ, ಮುಂದಿನ ಬೆಂಚಿಗೂ ಎಳೆಯಬೇಡಿ. ಗೆಳೆಯನೊಬ್ಬನಿಗೆ ಹಿಂದಿನ ದಿನವೇ ಹೇಳಿಟ್ಟರೆ ಬೆಲ್ಲಿನ ಮುಂಚೆ ಜೊತೆಗೆ ನಡೆದು ಬರುತ್ತಾನೆ. ತರಗತಿಯಲ್ಲಿ ಭಾಷಣ ಬೇಡ, "ಎಲ್ಲರೂ ಅವನನ್ನು ಕ್ಷಮಿಸಿ" ಅನ್ನುವ ಮಾತಂತೂ ಬೇಡವೇ ಬೇಡ.

ಹಾಜರಿ ಕೂಗುವಾಗ ಅವನ ಹೆಸರಿನ ಹತ್ತಿರ ದನಿ ತಡೆಯದಂತೆ ನೋಡಿಕೊಳ್ಳಿ. ನಾನು ಆ ಮೂರನೆಯವನ ಹೆಸರನ್ನು ವರ್ಷ ಮುಗಿಯುವ ತನಕ ಕೂಗಿದೆ. ಪ್ರತಿ ಸಲ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು "ಬಂದಿಲ್ಲ ಸಾರ್" ಅನ್ನುತ್ತಿದ್ದರು.